ಒಬ್ಬ ಡಾಕ್ಟ್ರು ಬಿಸಿಲು ಬೇಡ ಅಂತಾರೆ, ಇನ್ನೊಬ್ಬರು ಬಿಸಿಲಲ್ಲಿ ನಿಲ್ಲು ಅಂತಾರೆ. ಯಾರ ಮಾತು ಕೇಳಲಿ?

ಮಂಡಿ ಗುಮಾಸ್ತ, ಶ್ರೀನಿವಾಸಪುರ
ಏಪ್ರಿಲ್ 27

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನನಗೆ 41 ವರ್ಷ. ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಲೆಕ್ಕ ಬರೀತೀನಿ. ಹುಟ್ಟಿನಿಂದಲೇ ಆಲ್ಬಿನಿಸಂ. ಚರ್ಮ, ಕೂದಲು, ಕಣ್ರೆಪ್ಪೆ ಎಲ್ಲಾ ಬಿಳಿ, ದೃಷ್ಟಿ ಮಂದ. ತೊನ್ನಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮೂರನೇ ಉತ್ತರಕ್ಕೇ ಯಾರಾದ್ರೂ ತೊನ್ನಿನ ನಾಟಿ ಔಷಧಿ ಹಿಡ್ಕೊಂಡು ಬರ್ತಾರೆ. ನಮ್ಮ ಕಡೆ ಮನೆಮಾತು ತೆಲುಗು ಇರೋರೇ ಜಾಸ್ತಿ, ಹಾಗಾಗಿ ಚಿಕ್ಕಂದಿನಿಂದ ನಾನು ‘ತೆಲ್ಲೋಡು’, ಅಂದ್ರೆ ಬಿಳಿಯ. ಹೊಸದಾಗಿ ಬಂದ ಲಾರಿ ಡ್ರೈವರುಗಳು ಫಾರಿನ್ ಪಾರ್ಟಿ ಅಂದ್ಕೊಂಡು ನನ್ನ ಹತ್ರ ಇಂಗ್ಲಿಷಲ್ಲಿ ರೇಟು ಕೇಳೋದೂ ಉಂಟು. ಅದೆಲ್ಲ ಅಭ್ಯಾಸ ಆಗೋಗಿದೆ.

ವಿಷಯ ಇದು. ಎರಡು ವರ್ಷದ ಹಿಂದೆ ಎಡಗಿವಿಯ ಮೇಲಂಚಲ್ಲಿ ಒಂದು ಹುಣ್ಣಾಯ್ತು. ಕನ್ನಡಕದ ಕಡ್ಡಿ ಉಜ್ಜಿ ಆಗಿರ್ಬೇಕು ಅಂತ ಕಡ್ಡಿಗೆ ಬಟ್ಟೆ ಸುತ್ತಿದೆ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದೆ. ಹಕ್ಕಳೆ ಕಟ್ಟೋದು, ಉದುರೋದು, ರಕ್ತ ಜಿನುಗೋದು, ಮತ್ತೆ ಹಕ್ಕಳೆ. ಮೂರು ತಿಂಗಳು ಹೀಗೇ ತಳ್ಳಿದೆ. ಕೊನೆಗೆ ಬೆಂಗಳೂರಲ್ಲಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ರು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಚರ್ಮದ ಕ್ಯಾನ್ಸರ್. ಕಿವಿಯ ಮೇಲ್ಭಾಗವನ್ನೂ ಸ್ವಲ್ಪ ಸೇರಿಸಿ ತೆಗೆದ್ರು. ಬೇರೆಲ್ಲೂ ಹರಡಿರಲಿಲ್ಲ, ದೇವರು ದೊಡ್ಡೋನು. ಈಗ ಆ ಕಡೆ ಕನ್ನಡಕ ನಿಲ್ಲಲ್ಲ, ಕಡ್ಡಿಗೆ ದಾರ ಕಟ್ಟಿ ತಲೆ ಹಿಂದೆ ಗಂಟು ಹಾಕ್ಕೋತೀನಿ.

ಚರ್ಮದ ಡಾಕ್ಟರಮ್ಮ ಅವತ್ತೇ ಖಡಾಖಂಡಿತ ಹೇಳಿದ್ರು, “ಬಿಸಿಲಿಗೂ ನಿಮಗೂ ಇವತ್ತಿಗೆ ಸಂಬಂಧ ಮುಗೀತು” ಅಂತ. ಅಲ್ಲಿಂದ ತುಂಬುತೋಳು, ಟೋಪಿ, ಕೊಡೆ, ಎಸ್‌ಪಿಎಫ್ 50 ಸನ್‌ಸ್ಕ್ರೀನ್. ಬೆಳಗ್ಗೆ ಏಳಕ್ಕೆ ಮುಂಚೆ ಮಂಡಿ ಸೇರ್ಕೊಂಡ್ರೆ ಹೊತ್ತು ಮುಳುಗಿದ ಮೇಲೇ ಹೊರಗೆ. ಸನ್‌ಸ್ಕ್ರೀನ್ ಹಚ್ಚೋದು ನೋಡಿ ಹಮಾಲಿ ಹುಡುಗರು “ಅಣ್ಣ ಮದುವೆಗೆ ರೆಡಿ ಆಗ್ತಾವ್ನೆ” ಅಂತ ಕಿಚಾಯಿಸ್ತಾರೆ.

ಈ ಸಂಕ್ರಾಂತಿ ಆದ್ಮೇಲೆ ತೊಡೆ, ಸೊಂಟ ನೋವು ಶುರುವಾಯ್ತು. ಕೂತಲ್ಲಿಂದ ಏಳ್ಬೇಕಂದ್ರೆ ಕೈ ಊರಬೇಕು. ಮೂಳೆ ಡಾಕ್ಟ್ರ ಹತ್ರ ಹೋದೆ. ವಿಟಮಿನ್ ಡಿ ಟೆಸ್ಟ್ ಬರೆದ್ರು, 1,400 ರೂಪಾಯಿ. 11 ಬಂತು. 20ರ ಮೇಲಾದ್ರೂ ಇರಬೇಕಂತೆ. ಚೀಟಿಯಲ್ಲಿ 60,000 ಐಯು (ವಿಟಮಿನ್ ಅಳೆಯೋ ಮಾನ) ಡಿ ಪುಡಿ ಸ್ಯಾಚೆ, ವಾರಕ್ಕೊಂದು, 8 ವಾರ. ಅದರ ಕೆಳಗೆ, ‘ದಿನಾ ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲುವುದು’. ನಾನು ಟೋಪಿ, ಮಾಸ್ಕು ತೆಗೆದಿರಲಿಲ್ಲ, ಅವರು ತಲೆ ಎತ್ತಿರಲಿಲ್ಲ. ಹೊರಗೆ ಅರವತ್ತು ಜನ ಕಾಯ್ತಿದ್ರು, ಅವರನ್ನೂ ದೂರೋಕಾಗಲ್ಲ.

ನಾನು ಪೆದ್ದ, ಹೋದ ವಾರ ನಿಂತೇಬಿಟ್ಟೆ. ತಾರಸಿ ಮೇಲೆ ಬೆಳಗ್ಗೆ ಒಂಬತ್ತಕ್ಕೆ ಬರೀ ಬನಿಯನ್ನಲ್ಲಿ. ನಾಲ್ಕನೇ ದಿನಕ್ಕೆ ಮೂಗು, ಕತ್ತು, ಭುಜ ಕೆಂಪಗೆ ಬೆಂದೋಗಿತ್ತು. ನಮ್ಮನೆಯವಳು ಮೊಸರು ಬಳಿದು ಬೈದಳು.

ಈಗ ಪುಡಿ ಇನ್ನೂ ಶುರು ಮಾಡಿಲ್ಲ. ಅದು ಉಷ್ಣ, ಕಿಡ್ನಿಗೆ ಹೊಡೆಯುತ್ತೆ ಅಂತ ಒಬ್ಬರು ಹೆದರಿಸಿದ್ದಾರೆ. ಬಿಸಿಲೇ ಇಲ್ಲದೆ ಬರೀ ಪುಡಿಯಲ್ಲಿ ಸರಿಹೋಗುತ್ತಾ? ಈ ಸನ್‌ಸ್ಕ್ರೀನಿಂದಲೇ ಡಿ ಇಳಿದಿದ್ದಾ? ಮುಂದಿನ ತಿಂಗಳು ನಡುವಿಗೆ ಸೀಸನ್ನು. ಬಾದಾಮಿ, ತೋತಾಪುರಿ ಲೋಡು ಬರೋಕೆ ಶುರುವಾದ್ರೆ ಒಳಗೇ ಕೂರೋಕಾಗಲ್ಲ, ತೂಕದ ಹತ್ರ ನಿಲ್ಲಲೇಬೇಕು. ಅಷ್ಟರಲ್ಲಿ ಒಂದು ದಾರಿ ಬೇಕು.

—

ನಿವೃತ್ತ ಮೇಷ್ಟ್ರು, ಗೌರಿಬಿದನೂರು
ಏಪ್ರಿಲ್ 27

ಮಧ್ಯಾಹ್ನದ ಬಿಸಿಲಿಗೆ ಹೋಗಬೇಡಪ್ಪ. ಎಳೆಬಿಸಿಲಿಗೆ ಮೈ ಒಡ್ಡು, ಅದು ಯಾರಿಗೂ ಕೆಡುಕು ಮಾಡಿಲ್ಲ. ಆರೂವರೆಯಿಂದ ಏಳೂವರೆ. ನಾನು ಮೂವತ್ತು ವರ್ಷದಿಂದ ಸೂರ್ಯ ನಮಸ್ಕಾರ ಹಾಕುತ್ತಿದ್ದೇನೆ, ಒಂದು ಮಾತ್ರೆ ನುಂಗಿದವನಲ್ಲ. ಜೊತೆಗೆ ರಾಗಿಮುದ್ದೆ, ಹಾಲು, ನಾಟಿ ಕೋಳಿಮೊಟ್ಟೆ. ನಮ್ಮ ಹಿರಿಯರಿಗೆ ಯಾವ ಸ್ಯಾಚೆ ಇತ್ತು?

—

ಔಷಧಿ ಅಂಗಡಿ, ಚಿಕ್ಕಬಳ್ಳಾಪುರ
ಏಪ್ರಿಲ್ 28

ಗುಮಾಸ್ತರೇ, ನಾನು ಡಾಕ್ಟರಲ್ಲ. 22 ವರ್ಷದಿಂದ ಔಷಧಿ ಅಂಗಡಿ ಇಟ್ಟಿದ್ದೀನಿ, ಈ ಸ್ಯಾಚೆ ದಿನಾ ಮಾರ್ತೀನಿ, ಅದಕ್ಕೇ ಓದ್ಕೊಂಡಿದ್ದೀನಿ. ನಿಮ್ಮ ಮೂಳೆ ಡಾಕ್ಟ್ರು ಎಲ್ಲರಿಗೂ ಬರೆಯೋ ಸಾಲನ್ನೇ ನಿಮಗೂ ಬರೆದಿದ್ದಾರೆ. ಪುಡಿ ಸರಿ, ಆ ಸಾಲು ನಿಮಗಲ್ಲ.

ಮೊದಲು ಮೇಷ್ಟ್ರ ಎಳೆಬಿಸಿಲಿನ ಮಾತು. ಕೋಪ ಬೇಡ ಸಾರ್. ಚರ್ಮದಲ್ಲಿ ಡಿ ಆಗೋದು ಬಿಸಿಲಿನ ಕಾವಿಂದ ಅಲ್ಲ, ಕಣ್ಣಿಗೆ ಕಾಣದ ಯುವಿ-ಬಿ ಕಿರಣದಿಂದ. ಸೂರ್ಯ ಕೆಳಗಿದ್ದಾಗ ಕಿರಣ ಓರೆಯಾಗಿ ಬರುತ್ತೆ, ಓಝೋನಿನಲ್ಲಿ ಹೆಚ್ಚು ದೂರ ಹಾದು ಬರಬೇಕು, ಯುವಿ-ಬಿ ಬಹುಪಾಲು ಅಲ್ಲೇ ಸೋಸಿಹೋಗುತ್ತೆ. ಏಳು ಗಂಟೆ ಬಿಸಿಲು ಮೈಗೆ ಹಿತ, ಡಿ ಲೆಕ್ಕಕ್ಕೆ ಹೆಚ್ಚುಕಮ್ಮಿ ಸೊನ್ನೆ. ನೆರಳು ನೋಡಿದ್ರೆ ತಿಳಿಯುತ್ತೆ. ನಮಗಿಂತ ಉದ್ದ ಇದ್ರೆ ಯುವಿ-ಬಿ ಕಡಿಮೆ, ಗಿಡ್ಡ ಆದ್ರೆ ಜೋರು. ಈ ವಾರ ನಮ್ಮ ಸೀಮೆಯಲ್ಲಿ ಮಧ್ಯಾಹ್ನ 12 ಗಂಟೆ 15 ನಿಮಿಷದ ಸುಮಾರಿಗೆ ಅಂಗಡಿ ಮುಂದಿನ ಕಂಬದ ನೆರಳು ಬುಡದಲ್ಲೇ ಮುದುಡ್ಕೊಂಡಿರುತ್ತೆ. ಸೂರ್ಯ ಹಾಗೆ ನೆತ್ತಿ ಮೇಲೆ ಬರೋದು ಏಪ್ರಿಲ್ ಕೊನೆ ಒಂದ್ಸಲ, ಆಗಸ್ಟ್ ನಡುವೆ ಒಂದ್ಸಲ. ಸಾಲದ್ದಕ್ಕೆ ನಾವಿರೋದು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ. ಸಾವಿರ ಮೀಟರ್ ಏರಿದ್ರೆ ಯುವಿ ಸುಮಾರು 10% ಏರುತ್ತೆ. ನೀವು ನಿಂತ ಒಂಬತ್ತು ಗಂಟೆಗೆ ಯುವಿ-ಬಿ ಆಗಲೇ ಕೆಲಸಕ್ಕೆ ಇಳಿದಿರುತ್ತೆ. ನನ್ನಂಥ ಕರಿ ಚರ್ಮಕ್ಕೆ ಅದು ಲೆಕ್ಕಕ್ಕಿಲ್ಲ, ನಿಮಗೆ ಸುಡೋಕೆ ಸಾಕು.

ಡಿ ಮಾಡೋ ಕಿರಣ, ಚರ್ಮದ ಜೀವಕೋಶದ ಡಿಎನ್‌ಎ ಕೆಡಿಸೋ ಕಿರಣ, ಎರಡೂ ಒಂದೇ. ಡಿಗೆ ಬೇಕಾದಷ್ಟು ತಗೊಂಡು ಕೇಡು ಬಿಟ್ಟು ಬರ್ತೀನಿ ಅನ್ನೋಕೆ ಆಗಲ್ಲ. ಮೆಲನಿನ್ ಅಂದ್ರೆ ಬಣ್ಣದ ಪದಾರ್ಥ, ಅದು ಕಿರಣವನ್ನ ತಡೆಯುತ್ತೆ. ನಿಮಗೆ ಅದಿಲ್ಲ, ಹಾಗಾಗಿ ನಿಮ್ಮ ಚರ್ಮ ನನ್ನದಕ್ಕಿಂತ ಬೇಗ ಡಿ ಮಾಡುತ್ತೆ, ಅಷ್ಟೇ ಬೇಗ ಕೆಡುತ್ತೆ ಕೂಡ. ಇನ್ನೊಂದು ಮಾತು, ಚರ್ಮ ಒಂದು ಮಟ್ಟ ಮುಟ್ಟಿದ ಮೇಲೆ ಡಿ ಮಾಡೋದನ್ನ ನಿಲ್ಲಿಸುತ್ತೆ. ಮುಂದಿನ ಬಿಸಿಲಲ್ಲಿ ಆಗೋದು ಬೇರೆ, ಉಪಯೋಗಕ್ಕೆ ಬಾರದ ಪದಾರ್ಥಗಳು. ಡಿಎನ್‌ಎ ಕೆಡೋದು ಮಾತ್ರ ನಿಲ್ಲಲ್ಲ. ಅರ್ಧ ಗಂಟೆ ನಿಂತು ನಿಮಗೆ ಹೆಚ್ಚಿನ ಲಾಭ ಏನೂ ಇರಲಿಲ್ಲ.

ಪುಡಿಯ ಡಿ ಬೇರೆ, ಬಿಸಿಲಿನ ಡಿ ಬೇರೆ ಅಲ್ಲ. ಎರಡೂ ಡಿ3. ಎರಡೂ ಲಿವರಿಗೆ ಹೋಗಿ, ನೀವು 1,400 ಕೊಟ್ಟು ಅಳೆಸಿದ ಆ 25-ಹೈಡ್ರಾಕ್ಸಿ ಡಿ ಆಗುತ್ತೆ. ಚರ್ಮದ ಕ್ಯಾನ್ಸರ್ ಬಂದೋರು, ಬರೋ ಸಂಭವ ಹೆಚ್ಚಿರೋರು ಡಿಗೋಸ್ಕರ ಬಿಸಿಲಿಗೆ ಹೋಗಬೇಡಿ, ಊಟ ಮತ್ತು ಮಾತ್ರೆಯಿಂದ ಪಡೀರಿ ಅಂತಲೇ ಅಮೆರಿಕದ ಚರ್ಮವೈದ್ಯರ ಅಕಾಡೆಮಿಯೂ ಹೇಳೋದು. ಚರ್ಮದ ಕ್ಯಾನ್ಸರ್ ಅತಿ ಹೆಚ್ಚಿರೋ ಆಸ್ಟ್ರೇಲಿಯಾ 2024ರಲ್ಲಿ ಹೊಸ ಸಲಹೆ ಕೊಡುವಾಗ ಜನರನ್ನ ಚರ್ಮ ನೋಡಿ ಮೂರು ಗುಂಪು ಮಾಡಿತು, ಎಲ್ಲರಿಗೂ ಒಂದೇ ಚೀಟಿ ಬರೀಲಿಲ್ಲ.

ಊಟದಲ್ಲಿ ಎಷ್ಟು ಸಿಗುತ್ತೆ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರಕಾರ ದಿನಕ್ಕೆ 600 ಐಯು ಬೇಕು. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 40. ಪ್ಯಾಕೆಟ್ ಮೇಲೆ ನೀಲಿ ‘+ಎಫ್’ ಗುರುತಿರೋ ಹಾಲು ಒಂದು ಲೋಟಕ್ಕೆ 40ರಿಂದ 60. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಡಿ ಇಲ್ಲ. ಡಿ ಕಡಿಮೆ ಇದ್ರೆ ಆ ಕ್ಯಾಲ್ಸಿಯಂ ಸರಿಯಾಗಿ ರಕ್ತಕ್ಕೆ ಸೇರಲ್ಲ. ಮುದ್ದೆ ಬಿಡಬೇಡಿ, ಮುದ್ದೆ ನಂಬಿ ಪುಡಿ ಬಿಡಬೇಡಿ.

ಪುಡಿಯ ಭಯ ಪೂರ್ತಿ ಸುಳ್ಳಲ್ಲ. ನಮ್ಮ ಅಂಗಡಿಯಲ್ಲೇ ಆಗಿದ್ದು, ನನ್ನದೇ ತಪ್ಪು. ವಾರಕ್ಕೊಂದು ಅಂತ ಬಾಯಲ್ಲಿ ಹೇಳಿದೆ, ಬರೆದುಕೊಡಲಿಲ್ಲ. ಅಜ್ಜಿಯೊಬ್ಬರು ದಿನಕ್ಕೊಂದರಂತೆ ಇಪ್ಪತ್ನಾಲ್ಕು ದಿನ ಹಾಲಿಗೆ ಹಾಕ್ಕೊಂಡು ಕುಡಿದಿದ್ರು. 14 ಲಕ್ಷ 40 ಸಾವಿರ ಐಯು. ವಾಂತಿ, ತಡೆಯಲಾರದ ಬಾಯಾರಿಕೆ, ಮಲಬದ್ಧತೆ, ಕೊನೆಗೆ ಮಾತು ತೊದಲೋಕೆ ಶುರು. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ಅಡ್ಮಿಟ್ ಮಾಡಿ ಸಲೈನ್ ಬಾಟಲಿ ಹಾಕಿ ಇಳಿಸಿದ್ರು. ಅವತ್ತಿಂದ ಪ್ರತಿ ಸ್ಯಾಚೆ ಮೇಲೆ ಮಾರ್ಕರಿನಲ್ಲಿ ‘ಭಾನುವಾರ’ ಅಂತ ಬರೆದೇ ಕೊಡ್ತೀನಿ. ನೀವು ವಾರಕ್ಕೊಂದು, 8 ವಾರ, ಎಣ್ಣೆ ತುಪ್ಪ ಇರೋ ಊಟದ ಜೊತೆ. ಮೂರು ತಿಂಗಳಿಗೆ ಮತ್ತೆ ಟೆಸ್ಟ್. ಆಮೇಲಿನ ಡೋಸು ಡಾಕ್ಟ್ರು ಹೇಳಿದಷ್ಟೇ. ಕಿಡ್ನಿ ಕಲ್ಲು ಆಗಿದ್ದ ಇತಿಹಾಸ ಇದ್ರೆ ಈಗಲೇ ಅವರಿಗೆ ತಿಳಿಸಿ.

ಸನ್‌ಸ್ಕ್ರೀನ್ ದಿನಾ ಸರಿಯಾಗಿ ಹಚ್ಚಿದ್ರೆ ಡಿ ಒಂದಿಷ್ಟು ಇಳೀಬಹುದು. ನಿಮ್ಮ ವಿಷಯದಲ್ಲಿ ಕಾರಣ ಅದಲ್ಲ ಅಂತ ನನ್ನ ಅನುಮಾನ. ಒಂದು ಟ್ಯೂಬ್ ಎಷ್ಟು ದಿನ ಬರುತ್ತೆ ನಿಮಗೆ?

—

ಮಂಡಿ ಗುಮಾಸ್ತ
ಏಪ್ರಿಲ್ 28

ತುಂಬಾ ಉಪಕಾರ ಆಯ್ತು ಸಾರ್. ಕಲ್ಲು ಗಿಲ್ಲು ಏನಿಲ್ಲ. 50 ಗ್ರಾಂ ಟ್ಯೂಬು, 480 ರೂಪಾಯಿ. ಎರಡು ತಿಂಗಳು ಆರಾಮಾಗಿ ಬರುತ್ತೆ. ಬೆಳಗ್ಗೆ ಒಂದ್ಸಲ, ಕಡ್ಲೆಕಾಳಷ್ಟು.

—

ಔಷಧಿ ಅಂಗಡಿ, ಚಿಕ್ಕಬಳ್ಳಾಪುರ
ಏಪ್ರಿಲ್ 28

ಅದೇ ಅಂದ್ಕೊಂಡೆ. ಲೆಕ್ಕದೋರು ನೀವು, ನೀವೇ ಹಾಕಿ ನೋಡಿ. ಡಬ್ಬಿ ಮೇಲೆ ಬರೆದಿರೋ ಎಸ್‌ಪಿಎಫ್, ಅಂದ್ರೆ ಬಿಸಿಲು ತಡೆಯೋ ಅಳತೆ, ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಬಳಿದು ಅಳೆದದ್ದು. ಮುಖ, ಕತ್ತು, ಕಿವಿ, ಎರಡು ಮುಂಗೈ ಸೇರಿ ಸುಮಾರು 1,200 ಚದರ ಸೆಂಟಿಮೀಟರ್ ಅಂತಿಟ್ಕೊಳ್ಳಿ, ಒಂದು ಸಲಕ್ಕೆ ಎರಡೂವರೆ ಗ್ರಾಂ. ದಿನಕ್ಕೆ ಎರಡು ಸಲ ಅಂದ್ರೂ 5 ಗ್ರಾಂ. ಟ್ಯೂಬು ಬರಬೇಕಾದ್ದು ಹತ್ತೇ ದಿನ. ಹೊರಗೆ ನಿಂತ್ರೆ ಎರಡು ಗಂಟೆಗೊಮ್ಮೆ ಹಚ್ಚಬೇಕು, ಆಗ ಇನ್ನೂ ಬೇಗ. ನೀವು ಎರಡು ವರ್ಷದಿಂದ ಎಸ್‌ಪಿಎಫ್ 50 ಅಂತ ಅಂದ್ಕೊಂಡು ಹೆಸರಿಗೆ ಮಾತ್ರ ಬಳೀತಿದ್ದೀರಿ. ಡಿ ಇಳಿದದ್ದು ಎರಡು ವರ್ಷ ಶೆಡ್ಡಲ್ಲಿ, ತುಂಬುತೋಳಲ್ಲಿ ಇದ್ದದ್ದಕ್ಕೆ.

ಮುಖ ಕತ್ತಿಗೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು. ಕಿವಿ, ಮುಂಗೈಗೆ ಇನ್ನೊಂದು ಅಷ್ಟೇ. ಆಸ್ಟ್ರೇಲಿಯಾದ ನಾಂಬೂರ್ ಅನ್ನೋ ಊರಲ್ಲಿ 1992ರಿಂದ 96ರವರೆಗೆ ಸಾವಿರದ ಆರುನೂರಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ಮಾಡಿದ್ರು. ದಿನಾ ಹಚ್ಚೋ ಗುಂಪಿನಲ್ಲಿ ನಿಮಗೆ ಬಂದಂಥದ್ದೇ ಸ್ಕ್ವಾಮಸ್ ಕ್ಯಾನ್ಸರ್ ಸುಮಾರು 40% ಕಡಿಮೆಯಾಯ್ತು. ಹತ್ತು ದಿನಕ್ಕೆ 480 ದುಬಾರಿಯೇ, ಇಲ್ಲ ಅನ್ನಲ್ಲ. ಅದಕ್ಕೇ ಬಟ್ಟೆ ಮೊದಲು, ಕ್ರೀಮು ಬಟ್ಟೆ ಮುಚ್ಚದ ಜಾಗಕ್ಕೆ.

—

ಹೊಲಿಗೆ ಅಕ್ಕ, ಚಿಂತಾಮಣಿ
ಏಪ್ರಿಲ್ 29

ಬಟ್ಟೆ ಅಂದ್ರಲ್ಲ, ಬಂದೆ. ನನ್ನ ಮಗನಿಗೂ ಆಲ್ಬಿನಿಸಂ, 12 ವರ್ಷ. ನಾನು ಟೈಲರಿಂಗ್ ಮಾಡ್ತೀನಿ.

ಅಣ್ಣಾ, ನೀವು ಟೋಪಿ ಅಂದ್ರಲ್ಲ, ಎಂಥ ಟೋಪಿ? ಕ್ರಿಕೆಟ್ ಟೋಪಿ ಆದ್ರೆ ಹಣೆಗೆ ಬಿಟ್ರೆ ಬೇರೆಲ್ಲಿಗೂ ನೆರಳಿಲ್ಲ. ಕಿವಿ, ಕತ್ತಿನ ಹಿಂಭಾಗ ಪೂರ್ತಿ ಬಯಲು. ನಿಮಗೆ ಹುಣ್ಣಾದದ್ದು ಕಿವಿ ಮೇಲೇ ಅಲ್ವಾ? ಸುತ್ತಲೂ ಮೂರು ಇಂಚು ಅಂಚಿರಬೇಕು. ಮಗನಿಗೆ ಹಳೇ ಜೀನ್ಸ್ ಪ್ಯಾಂಟಿನ ಕಾಲು ಬಿಚ್ಚಿ ಹೊಲಿದೆ, ಅಂಚು ಬಗ್ಗದ ಹಾಗೆ ಒಳಗೆ ಬಕ್ರಂ ಕೊಟ್ಟಿದ್ದೀನಿ. ಅಂಚಿನ ಒಳಮೈಗೆ ಕಪ್ಪು ಬಟ್ಟೆ. ಬಿಳಿ ಹಾಕಿದ್ರೆ ನೆಲದಿಂದ ಎದ್ದ ಬೆಳಕು ಅದಕ್ಕೆ ಬಡಿದು ಮುಖಕ್ಕೇ ಬರುತ್ತೆ, ಇವರ ಕಣ್ಣಿಗೆ ತಡೆಯಲ್ಲ.

ಬಿಳಿ ತೆಳು ಕಾಟನ್ ಅಂಗಿ ತಂಪು ಅಂತ ಎಲ್ಲರೂ ಅದನ್ನೇ ತರ್ತಾರೆ. ತಂಪು ನಿಜ. ಆದ್ರೆ ಸಾದಾ ಬಿಳಿ ಟೀ ಶರ್ಟು ಯುವಿಯಲ್ಲಿ ಏಳನೇ ಒಂದು ಭಾಗ ಒಳಗೆ ಬಿಡುತ್ತೆ, ಬೆವರಿ ನೆನೆದ್ರೆ ಮೂರನೇ ಒಂದು ಭಾಗ. ಬಟ್ಟೆ ಕೊಳ್ಳೋವಾಗ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಬೆಳಕು ಕಂಡ್ರೆ ಬಿಸಿಲೂ ಬರುತ್ತೆ. ಒತ್ತು ನೇಯ್ಗೆ, ಗಾಢ ಬಣ್ಣ. ಮೈಗೆ ಅಂಟದ ಹಾಗೆ ಒಂದು ಸೈಜು ದೊಡ್ಡದು ಹೊಲಿಸಿ, ಸೆಕೆ ಅಷ್ಟು ಕಾಣಲ್ಲ. ಕಾಲರ್ ಎದ್ದು ನಿಲ್ಲೋ ಥರ ಇರಲಿ. ನಿಮ್ಮ ತಲೆ ಸುತ್ತಳತೆ ಕಳಿಸಿ, ಟೋಪಿ ನಾನೇ ಹೊಲಿದು ಬಸ್ಸಿಗೆ ಹಾಕ್ತೀನಿ, ಶ್ರೀನಿವಾಸಪುರ ಏನು ದೂರ.

ಮಗನಿಗೆ ಡಾಕ್ಟ್ರು ದಿನಾ ಡಿ ಹನಿ ಕೊಟ್ಟಿದ್ದಾರೆ. ಸ್ಕೂಲಲ್ಲಿ ಪ್ರಾರ್ಥನೆಗೆ ವರಾಂಡದಲ್ಲೇ ನಿಲ್ಲಿಸ್ಕೋತಾರೆ. ಅದಕ್ಕೆ ಮಾತ್ರ ಮೂರು ಸಲ ಹೋಗಿ ಅಳಬೇಕಾಯ್ತು.

—

ಪಾವಗಡದವನು
ಏಪ್ರಿಲ್ 30

ನಮ್ಮೂರಿನ ಬಿಸಿಲನ್ನ ಸೋಲಾರ್ ಪಾರ್ಕಿನಲ್ಲಿ ಕರೆಂಟು ಮಾಡಿ ಮಾರ್ತಾ ಇದ್ದಾರೆ, 2,050 ಮೆಗಾವ್ಯಾಟ್. ಅಂಥ ಊರಲ್ಲಿ ಕೂತು ನಾನೂ ಬಿಸಿಲಿಗೆ ಹೆದರೋನೇ. ಕಿಡ್ನಿ ಕಸಿ ಆಗಿ ಆರು ವರ್ಷ. ದೇಹ ಹೊಸ ಕಿಡ್ನಿಯನ್ನ ತಳ್ಳಬಾರದು ಅಂತ ಕೊಡೋ ಮಾತ್ರೆ ಕ್ಯಾನ್ಸರ್ ತಡೆಯೋ ಶಕ್ತಿಯನ್ನೂ ಕುಗ್ಗಿಸುತ್ತೆ. ಅದರಲ್ಲಿ ಅಜಾಥಯೋಪ್ರಿನ್ ಚರ್ಮವನ್ನ ಬಿಸಿಲಿಗೆ ಇನ್ನಷ್ಟು ಸೂಕ್ಷ್ಮ ಮಾಡುತ್ತೆ. ಕರಿ ಚರ್ಮ, ನಿನಗೇನೂ ಆಗಲ್ಲ ಅಂತಾರೆ ಜನ. ಬಿಳಿಯರಿಗಿಂತ ಕಡಿಮೆ ಅಷ್ಟೇ, ಇಲ್ಲವೇ ಇಲ್ಲ ಅಂತೇನಿಲ್ಲ.

ಎರಡೇ ಮಾತು. ಒಂದು, ಇದನ್ನ ಓದ್ತಿರೋ ಕಿಡ್ನಿ ತೊಂದರೆ ಇರೋರು ಗುಮಾಸ್ತಣ್ಣನ ಪುಡಿ ಕಾಪಿ ಹೊಡೀಬೇಡಿ. ಲಿವರಿನಲ್ಲಿ ತಯಾರಾದ ಡಿ ಕೊನೆಗೆ ಕೆಲಸಕ್ಕೆ ಬರೋ ರೂಪ ತಾಳೋದು ಕಿಡ್ನಿಯಲ್ಲಿ. ಕಿಡ್ನಿ ಕೆಟ್ಟೋರಿಗೆ ಬೇರೆ ಮಾತ್ರೆ, ಬೇರೆ ಲೆಕ್ಕ.

ಇನ್ನೊಂದು, ಅಣ್ಣಾ, ನೀವು ಕುಡಿಯೋದು ಬೋರ್‌ವೆಲ್ ನೀರಾ? ನಿಮ್ಮ ಕೋಲಾರ, ನಮ್ಮ ಪಾವಗಡ ಎರಡೂ ಫ್ಲೋರೈಡಿನ ಸೀಮೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರು ವರ್ಷಾನುಗಟ್ಟಲೆ ಕುಡಿದ್ರೂ ಮೂಳೆ, ಕೀಲು ನೋಯುತ್ತೆ. ಡಿ ಸರಿಹೋದ ಮೇಲೂ ನೋವು ಉಳಿದ್ರೆ ನೀರು ಟೆಸ್ಟ್ ಮಾಡ್ಸಿ.

—

ನಿವೃತ್ತ ಮೇಷ್ಟ್ರು, ಗೌರಿಬಿದನೂರು
ಮೇ 16

ಇಲ್ಲಿ ಓದಿದ ಮೇಲೆ ಸುಮ್ಮನಿರಲಾಗದೆ ನಾನೂ ರಕ್ತ ಕೊಟ್ಟೆ. 16. ಸೂರ್ಯ ನಮಸ್ಕಾರ ಬಿಡುವುದಿಲ್ಲ. ಅಂಗಡಿಯವರೇ, ಸ್ಯಾಚೆ ಹಾಲಿನಲ್ಲೋ ನೀರಿನಲ್ಲೋ?

—

ಔಷಧಿ ಅಂಗಡಿ, ಚಿಕ್ಕಬಳ್ಳಾಪುರ
ಮೇ 16

ಹಾಲಿನಲ್ಲಿ ಸಾರ್. ಮೊದಲು ಡಾಕ್ಟ್ರಿಗೆ ತೋರಿಸಿ. ವಾರಕ್ಕೆ ಒಂದೇ.

—

ಮಂಡಿ ಗುಮಾಸ್ತ
ಆಗಸ್ಟ್ 3

ಸೀಸನ್ನು ಮುಗೀತು, ಈಗ ಪುರುಸೊತ್ತು. ಕೊನೇ ತೋತಾಪುರಿ ಲೋಡು ಹೋದ ವಾರ ಜ್ಯೂಸ್ ಫ್ಯಾಕ್ಟರಿಗೆ ಹೋಯ್ತು.

ಪುಡಿ ಎಂಟು ಭಾನುವಾರ, ಮಧ್ಯಾಹ್ನ ಊಟ ಆದ್ಮೇಲೆ. ನಮ್ಮನೆಯವಳು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದಳು, ನಾನು ಎರಡನೇದಕ್ಕೆ ಕೈ ಹಾಕೋ ಹಾಗೇ ಇರಲಿಲ್ಲ. ಡಿಗೋಸ್ಕರ ಬಿಸಿಲಲ್ಲಿ ಒಂದು ನಿಮಿಷ ನಿಂತಿಲ್ಲ. ಮೊನ್ನೆ ಟೆಸ್ಟ್, 34. ತೊಡೆ ನೋವು ಹೋಗಿದೆ, ಕೈ ಊರದೆ ಏಳ್ತೀನಿ. ಸೊಂಟ ಇನ್ನೂ ಹಿಡಿಯುತ್ತೆ. ಪಾವಗಡದ ಅಣ್ಣಾ, ನಮ್ಮ ಬೀದಿ ಬೋರಿನ ನೀರು ಬಾಟಲಿಯಲ್ಲಿ ತುಂಬಿ ಪರೀಕ್ಷೆಗೆ ಕೊಟ್ಟಿದ್ದೀನಿ, ರಿಪೋರ್ಟು ಬರಬೇಕು.

ಮೂಳೆ ಡಾಕ್ಟ್ರ ಹತ್ರ ಈ ಸಲ ಟೋಪಿ, ಮಾಸ್ಕು ತೆಗೆದು ಮಡಿಲಲ್ಲಿಟ್ಕೊಂಡು ಕೂತೆ. ಅವರು ರಿಪೋರ್ಟು ನೋಡಿದ್ರು, ಆಮೇಲೆ ನನ್ನ ಮುಖ ನೋಡಿದ್ರು, ಆಮೇಲೆ ಕಿವಿ. ಸ್ವಲ್ಪ ಹೊತ್ತು ಮಾತಿಲ್ಲ. ಹಳೇ ಚೀಟಿ ಇಸ್ಕೊಂಡು ಬಿಸಿಲಿನ ಸಾಲಿನ ಮೇಲೆ ಅವರೇ ಗೆರೆ ಎಳೆದ್ರು, ಪಕ್ಕದಲ್ಲಿ ಸಹಿನೂ ಹಾಕಿದ್ರು. ಇನ್ನು ಮೇಲೆ ದಿನಕ್ಕೆ 1,000 ಐಯು ಮಾತ್ರೆ, ಆರು ತಿಂಗಳಿಗೆ ಟೆಸ್ಟ್.

ಚರ್ಮದ ಡಾಕ್ಟರಮ್ಮನಿಗೂ ತೋರಿಸಿ ಬಂದೆ. ಬಲ ಮುಂಗೈ ಮೇಲೆ ಮರಳುಕಾಗದದ ಥರ ಒರಟಾದ ಒಂದು ಮಚ್ಚೆ ಇತ್ತು, ನಾನು ಕ್ರೇಟು ತಗುಲಿದ್ದು ಅಂದ್ಕೊಂಡಿದ್ದೆ. ಕ್ಯಾನ್ಸರ್ ಅಲ್ಲ, ಬಿಟ್ರೆ ಆಗಬಹುದಾದದ್ದು ಅಂತ ಹೇಳಿ ಲಿಕ್ವಿಡ್ ನೈಟ್ರೋಜನ್ ಊದಿ ಸುಟ್ರು. ಚುರ್ ಅಂತು, ಗುಳ್ಳೆ ಎದ್ದಿದೆ. ನಾಲ್ಕು ವಾರಕ್ಕೆ ವಾಸಿಯಾಗದ ಯಾವ ಹುಣ್ಣಿದ್ರೂ ಮೂರು ತಿಂಗಳು ಅರಿಶಿನ ಹಚ್ತಾ ಕೂರಬೇಡಿ, ಬನ್ನಿ ಅಂತ ಮತ್ತೊಂದ್ಸಲ ಬೈದ್ರು.

ಅಕ್ಕ ಕಳಿಸಿದ ಟೋಪಿ ಹಾಕ್ಕೊಂಡೇ ಇಡೀ ಸೀಸನ್ನು ತೂಕದ ಹತ್ರ ನಿಂತೆ. ಮೊದಲ ದಿನ ಹುಡುಗರು ನಕ್ಕರು. ಜೂನಲ್ಲಿ ಒಬ್ಬ ಬಂದು, ಅಣ್ಣಾ ಅಂಥದ್ದೇ ನನಗೊಂದು ಹೊಲಿಸಿಕೊಡ್ತೀಯಾ, ಎಷ್ಟಾಗುತ್ತೆ ಅಂತ ಕೇಳ್ದ. ಅಕ್ಕಾ, ನಾಲ್ಕು ಆರ್ಡರ್ ಇದೆ, ಅಳತೆ ಕಳಿಸ್ತೀನಿ, ಈ ಸಲ ದುಡ್ಡು ತಗೋಬೇಕು.

ಟ್ಯೂಬು ಈಗ ಹನ್ನೊಂದು ದಿನಕ್ಕೆ ಖಾಲಿ. ಮೇ, ಜೂನ್, ಜುಲೈ ಸೇರಿ ಎಂಟು ಟ್ಯೂಬು, 3,840 ರೂಪಾಯಿ. ಮನೆ ಖರ್ಚಿನ ಪುಸ್ತಕದಲ್ಲಿ ಯಾವ ತಲೆಬರಹದ ಕೆಳಗೆ ಬರೀಲಿ ಅಂತ ಯೋಚಿಸಿ ‘ದಿನಸಿ’ಗೆ ಸೇರಿಸಿದ್ದೀನಿ.